ಹದಿನಾರನೆಯ ಮ್ಯಾಪು

ಭಾನುವಾರ ರಾತ್ರಿ ಒಂಬತ್ತಕ್ಕೆ ಎಲ್ಲರ ಮೈಕು ತೆರೆಯುತ್ತದೆ.
ಒಬ್ಬಳ ಕಾಲಬುಡದ ನಾಯಿ, ಇನ್ನೊಬ್ಬನ ಬೆನ್ನ ಹಿಂದೆ ಕುದಿಯುವ ಸೂಪು.
ಬಿತೊಮ್ ಊರಿನ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿದರೆ
ಮೂರು ಮನೆಗಳಿಂದ ಮೂರು ಸಲ
ಒಂದರ ಹಿಂದೊಂದು ಕೇಳುತ್ತದೆ.

ಸರ್ವರಿನ ಬಾಡಿಗೆ ಕಟ್ಟುವವನು ಗೆರಾರ್ಡ್,
ಪಟ್ಟಿ ಮಾತ್ರ ನನ್ನ ಕೈಯಲ್ಲಿ.
ಎರಡು ಸರ್ವರು ಸಲೀಸು: ಒಂದರಲ್ಲಿ ಹಗಲಿರುಳೂ ಮರಳುಕೋಟೆ,
ಮತ್ತೊಂದು ಕ್ಲ್ಯಾನಿಗೆ ಹೊಸದಾಗಿ ಸೇರಿದವರ ಗರಡಿ.
ಜಗಳವೆಲ್ಲ ಮೂರನೆಯದರದ್ದು.

ಎತ್ತು ಏರಿಗೆಳೆದರೆ ಕೋಣ ನೀರಿಗೆ:
ದೂರ ಕೂತು ಗುರಿಯಿಡುವ ತೆಯೋಫಿಲ್‌ಗೆ ಬಯಲು ಬೇಕು,
ಓಡಿಬಂದು ಬೆನ್ನಿಗಿರಿಯುವ ಕಿಂಗಾಗೆ ಓಣಿ.
ರೋಮೆಕ್‌ನ ಹಳೇ ಕಂಪ್ಯೂಟರಿಗೆ ನೀರೆಂದರೆ ಆಗದು,
ಬಂದರಿನ ಮ್ಯಾಪಿನಲ್ಲಿ ಒಂದು ಹೆಜ್ಜೆ ಎತ್ತಿಡುವುದರೊಳಗೆ
ಎರಡು ಸಲ ಸತ್ತಿರುತ್ತಾನೆ.
ಎಂಟಕ್ಕಿಂತ ಕಡಿಮೆ ಜನ ಬಂದ ದಿನ
ದೊಡ್ಡ ಮ್ಯಾಪೆಂದರೆ ಮದುವೆ ಮುಗಿದ ಛತ್ರ.

ಹೀಗೆ ಅಳೆದು ಸುರಿದು ಹದಿನೈದು.
ಹದಿನಾರಕ್ಕೆ ಬಂದಾಗ ಟ್ರಾಮೂ ಇಲ್ಲ.

ಅದು ಎವಾಲ್ಡ್ ಕಟ್ಟಿದ್ದು. ಅವನದೇ ವಠಾರ.
ಮಸಿ ಕುಡಿದ ಇಟ್ಟಿಗೆ, ಕೆಂಪು ಬಳಿದ ಕಿಟಕಿ ಚೌಕಟ್ಟು,
ಅಂಗಳದಲ್ಲಿ ಜಮಖಾನ ಬಡಿಯುವ ಕಬ್ಬಿಣದ ಕಮಾನು,
ಅಟ್ಟದಲ್ಲಿ ಯಾರದೋ ಪಾರಿವಾಳದ ಗೂಡು.
ಪಾಳಿ ಮುಗಿಸಿ ಬಂದು ಒಂದು ಚಳಿಗಾಲವಿಡೀ ಕೂತು ಕಟ್ಟಿದ,
ಅಂಚೆಪೆಟ್ಟಿಗೆಗಳ ಮೇಲಿನ ಹೆಸರು ಸಮೇತ.

ಆಡಲು ಕೆಟ್ಟ ಮ್ಯಾಪು. ಕೆಂಪು ಪಡೆಗೆ ಒಂದೇ ಮೆಟ್ಟಿಲು,
ನೀಲಿಯವರು ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಗೆಲ್ಲಬಹುದು.
ಎರಡನೆಯ ಮಹಡಿಯ ಎಡಬಾಗಿಲ ಮುಂದೆ ನೆಲವಿಲ್ಲ.
ಇದೆ, ಕಾಣುತ್ತದೆ, ಕಾಲಿಟ್ಟರೆ ತಡೆಯುವುದಿಲ್ಲ;
ಮ್ಯಾಪಿನಾಚೆಯ ಬೂದಿಬಣ್ಣದೊಳಕ್ಕೆ
ಬೀಳುತ್ತಲೇ ಇರುತ್ತೀರಿ.
ಸರಿಪಡಿಸು ಮಾರಾಯ ಎಂದರೆ ಎವಾಲ್ಡ್,
"ಅದು ತಪ್ಪಲ್ಲ. ಕೆಳಗಿನ ಕಲ್ಲಿದ್ದಲು ತೆಗೆದಿದ್ದಾರೆ."
ನಕ್ಕೆವು.

ಮರುವರ್ಷ ನಿಜದ ಗೋಡೆ ಬಾಯಿಬಿಟ್ಟಿತು.
ಬಿರುಕಿಗೆ ಅಡ್ಡಲಾಗಿ ಗಾಜಿನ ತುಂಡು ಅಂಟಿಸಿ ಹೋದರು ಎಂಜಿನಿಯರುಗಳು;
ಗಾಜು ಸೀಳಿದ ದಿನ ಎಲ್ಲರನ್ನೂ ಹೊರಡಿಸಿದರು.
ಈಗಲ್ಲಿ ಕಾರು ನಿಲ್ಲುತ್ತವೆ.
ಎವಾಲ್ಡ್ ರಾಟರ್‌ಡ್ಯಾಮಿನಲ್ಲಿ ಕ್ರೇನು ನಡೆಸುತ್ತಾನೆ, ಆಡುವುದಿಲ್ಲ,
ಫೋನಿಗೆ ಸಿಕ್ಕರೆ ಗಾಳಿ ಎಷ್ಟಿದೆಯೆಂದು ಹೇಳುತ್ತಾನೆ.

"ಕಿತ್ತುಹಾಕು." ಪ್ರತಿ ಸಲ ಮೊದಲು ಬೊಗ್ನಾಳ ದನಿ.
"ಅಲ್ಲಿ ಕಾದಾಟವೇ ಇಲ್ಲ, ಜನ ಬರೀ ಬೀಳುತ್ತಾರೆ."
ಮತ: ಪರ ಸೊನ್ನೆ, ವಿರೋಧ ಹನ್ನೊಂದು,
ನನ್ನದೂ ಸೇರಿ.

ಅಳಿಸಬೇಕಿಲ್ಲ. ಸಾಲಿನ ಮುಂದೆ ಎರಡು ಓರೆಗೆರೆ ಸಾಕು,
ಸರ್ವರು ಕಂಡೂ ಕಾಣದಂತೆ ದಾಟಿಹೋಗುತ್ತದೆ.
ಎಳೆಯುತ್ತೇನೆ. ಎಲ್ಲರೂ ಶುಭರಾತ್ರಿ ಹೇಳುತ್ತಾರೆ.

ನನ್ನದು ಬೇಕರಿ ಕೆಲಸ, ಎರಡೂವರೆಗೆ ಏಳಬೇಕು.
ಹಿಟ್ಟು ಉಬ್ಬುವ ಹೊತ್ತಿನಲ್ಲಿ ಸರ್ವರಿನ ದಾಖಲೆ ನೋಡುವುದು ಚಟ.
ಕಳೆದ ಮಾರ್ಚಿನಲ್ಲಿ ಮೊದಲ ಸಲ ಕಂಡದ್ದು:
ಮಂಗಳವಾರ, ನಾಲ್ಕು ಹತ್ತು, ಆಟಗಾರರು ಒಂದು,
ಹಾರಿದ ಗುಂಡು ಸೊನ್ನೆ,
ಸಾವು ಒಂದು, ಎತ್ತರದಿಂದ ಬಿದ್ದು.
ನಾಲ್ಕು ಹನ್ನೆರಡು, ಸಾವು ಒಂದು, ಎತ್ತರದಿಂದ ಬಿದ್ದು.
ನಾಲ್ಕು ಹದಿಮೂರು.

ಹೆಸರಿದ್ದಲ್ಲಿ ಏನೋ ಅಂಕಿ. ಅಂಕಿಯ ಹಿಂದಿನ ಮನೆ ಯಾವುದೆಂದು
ಪಟ್ಟಿ ಹಿಡಿದವರಿಗೆ ಗೊತ್ತಾಗದೆ ಇರುತ್ತದೆಯೇ.
ಎಡಬಾಗಿಲಿನ ಅಂಚೆಪೆಟ್ಟಿಗೆಯ ಮೇಲೆ ಏನಿತ್ತೆಂದು
ಒಮ್ಮೆ ಆಟದ ನಡುವೆ, ಅಡಗಿ ಕೂತಾಗ, ಓದಿದ್ದೆ.
ಇಲ್ಲಿ ಬರೆಯುವುದಿಲ್ಲ.

ಹಾಗಾಗಿ ಮೂರೂವರೆಗೆ, ಕೈಗೆ ಮೆತ್ತಿದ ರೈ ಹಿಟ್ಟು ಒರೆಸಿಕೊಂಡು
ಎರಡು ಓರೆಗೆರೆ ತೆಗೆಯುತ್ತೇನೆ.
ನಾಲ್ಕರಿಂದ ಐದು, ಬೇರೆ ಯಾರೂ ಬಾರದ ಗಳಿಗೆ.

ಮುಂದಿನ ಭಾನುವಾರ ಹದಿನಾರನೆಯದು ಮತ್ತೆ ಪಟ್ಟಿಯಲ್ಲಿ.
"ಹೋದ ವಾರ ತೆಗೆದದ್ದು ಹೇಗೆ ಬಂತು?" ರೋಮೆಕ್ ಒಮ್ಮೆ ಕೇಳಿದ.
ಬೊಗ್ನಾ ಕೇಳಲಿಲ್ಲ. ಮೈಕು ಮುಚ್ಚಿಕೊಂಡಳು,
ನಾಯಿಗೆ ಏನೋ ಹೇಳಲು ಇರಬೇಕು.
ಆಮೇಲೆ ತೆರೆದು, ಮೊದಲಿನದೇ ಗಡಸಿನಲ್ಲಿ:
"ಕಿತ್ತುಹಾಕು."

ಮತ: ಪರ ಸೊನ್ನೆ.